21 ಗೇರ್ ಸೈಕಲ್ ತಗೊಂಡ್ರೂ ಹಾಲಿನವರ ಅಟ್ಲಾಸ್ ನನ್ನ ದಾಟಿ ಹೋಗುತ್ತೆ. ಗೇರಿಂದ ಸ್ಪೀಡ್ ಬರುತ್ತಾ, ಇಲ್ವಾ?

ಕುವೆಂಪುನಗರ_ಸವಾರ
ಎಲ್ರಿಗೂ ನಮಸ್ಕಾರ. ಮೈಸೂರಿನವನು, ವಯಸ್ಸು 38. ಆಫೀಸಲ್ಲಿ ಕೂತು ಕೂತು ಹೊಟ್ಟೆ ಬಂತು ಅಂತ ಒಂದು ಎಂಟಿಬಿ (ಮೌಂಟನ್ ಬೈಕ್) ಸೈಕಲ್ ತಗೊಂಡೆ. ಮುಂದೆ 3, ಹಿಂದೆ 7, ಒಟ್ಟು 21 ಗೇರ್. ಬೆಳಿಗ್ಗೆ ರಿಂಗ್ ರೋಡಲ್ಲಿ ಒಂದು ಸುತ್ತು ಹೊಡೀತೀನಿ.

ಬಲಗೈ ಗೇರನ್ನ 7ಕ್ಕೆ ಹಾಕಿ ಏದುಸಿರು ಬಿಟ್ಕೊಂಡು ತುಳೀತಾ ಇರ್ತೀನಿ, ಕ್ಯಾರಿಯರಿನ ಎರಡೂ ಕಡೆ ಕ್ಯಾನ್ ಕಟ್ಕೊಂಡ ಹಾಲಿನವರು ಹಳೇ ಅಟ್ಲಾಸಲ್ಲಿ ಆರಾಮಾಗಿ ದಾಟ್ಕೊಂಡು ಹೋಗ್ತಾರೆ. ಬೆಲ್ ಬೇರೆ ಹೊಡೀತಾರೆ! ಅವರ ಸೈಕಲ್‌ಗೆ ಇರೋದು ಒಂದೇ ಗೇರು. ನನ್ನ ಕಾಲು ಮಾತ್ರ ಗಿರಗಿರ ತಿರುಗುತ್ತೆ, ಗಾಡಿ ಮುಂದೆ ಹೋಗಲ್ಲ.

ಗೇರ್ ಇದ್ರೆ ಸ್ಪೀಡ್ ಬರುತ್ತೆ ಅನ್ನೋದು ಸುಳ್ಳಾ? ಇಲ್ಲ ಅಂಗಡಿಯವನು ಟೋಪಿ ಹಾಕಿದ್ನಾ? ತಿಳಿದವರು ಹೇಳಿ.

ಟಾಪ್_ಗೇರ್_ತಿಮ್ಮ
ಗೇರಿಂದ ಸ್ಪೀಡ್ ಬರದೇ ಇನ್ನೇನರಿಂದ ಬರುತ್ತೆ ಗುರು? ಬೈಕಲ್ಲಿ ಟಾಪ್ ಗೇರ್ ಹಾಕಿದ್ರೆ ತಾನೇ ಓಡೋದು? ನಿಂದು ಡೂಪ್ಲಿಕೇಟ್ ಗೇರ್ ಇರ್ಬೇಕು. ವಾಪಸ್ ಕೊಡು.

ಚಿಕ್ಕಜಾಜೂರು_ಜಂಕ್ಷನ್
ಹಾಲಿನವರ ಕಾಲು ನೋಡಿದೀರಾ? ಅದೇ ಗೇರು 😀

ಸ್ಪ್ಯಾನರ್_ಅಣ್ಣ
ಸಾರ್, ತುಮಕೂರಲ್ಲಿ ನಂದೇ ಸಣ್ಣ ಸೈಕಲ್ ಶಾಪ್ ಇದೆ. ಒಂದು ಕೇಳ್ತೀನಿ. ಬಲಗೈದು 7ರಲ್ಲಿ ಇಟ್ಟಿದೀನಿ ಅಂದ್ರಿ. ಎಡಗೈದು ಎಷ್ಟರಲ್ಲಿದೆ? ಮುಂದಿನ ಮೂರು ಚೈನ್‌ವೀಲ್‌ನಲ್ಲಿ ಚೈನು ಯಾವುದರ ಮೇಲಿದೆ ಅಂತ ಬಗ್ಗಿ ನೋಡಿ ಹೇಳಿ.

ಕುವೆಂಪುನಗರ_ಸವಾರ
ಎಡಗೈದು 1ರಲ್ಲಿದೆ. ತಗೊಂಡಾಗ ಅಂಗಡಿಯವರು "ಅದನ್ನ ಮುಟ್ಬೇಡಿ ಸಾರ್, ಚೈನ್ ಬಿದ್ದೋಗುತ್ತೆ, ಬಲಗೈದು ಒಂದೇ ಸಾಕು" ಅಂದಿದ್ರು. ಚೈನು ಮುಂದೆ ಎಲ್ಲಕ್ಕಿಂತ ಸಣ್ಣದರ ಮೇಲಿದೆ.

ಸ್ಪ್ಯಾನರ್_ಅಣ್ಣ
ಸಿಕ್ತಲ್ಲ ಕಳ್ಳ. ನೀವು ಬೆಟ್ಟ ಹತ್ತೋ ಗೇರಲ್ಲಿ ರಿಂಗ್ ರೋಡ್ ತುಳೀತಾ ಇದೀರಿ. ಸೆಟ್ಟಿಂಗ್ ಮಾಡೋಕೆ ಸೋಮಾರಿತನ ಆದವರು ಹಂಗೇ ಹೇಳಿ ಕಳಿಸೋದು. ಮುಂದಿನ ಡಿರೈಲರ್, ಅಂದ್ರೆ ಚೈನನ್ನ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ತಳ್ಳೋ ಭಾಗ, ಸರಿಯಾಗಿ ಕೂರಿಸಿದ್ರೆ ಚೈನು ಬೀಳಲ್ಲ.

ನಿವೃತ್ತ_ಮೇಷ್ಟ್ರು
ಸ್ಪ್ಯಾನರ್ ಅಣ್ಣ ರೋಗ ಹಿಡಿದಿದ್ದಾರೆ. ನಾನು ಲೆಕ್ಕ ಹಾಕ್ತೀನಿ. ಹೈಸ್ಕೂಲಲ್ಲಿ ಫಿಸಿಕ್ಸ್ ಹೇಳಿಕೊಟ್ಟವನು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಪೆಡಲ್ ಒಂದು ಪೂರ್ತಿ ಸುತ್ತು ಸುತ್ತಿದರೆ ಸೈಕಲ್ ಎಷ್ಟು ದೂರ ಹೋಗುತ್ತೆ ಅನ್ನೋದೇ ಗೇರಿನ ಕಥೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಬಂದದ್ದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ. ನಮ್ಮ ಹಳೇ ಕಪ್ಪು ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ ಫ್ರೀವೀಲಲ್ಲಿ 18. ಚಕ್ರ 28 ಇಂಚಿನದು, ಸುತ್ತಳತೆ ಸುಮಾರು 2.23 ಮೀಟರ್. ಒಂದು ಸುತ್ತಿಗೆ ಸುಮಾರು 5.45 ಮೀಟರ್ ಆಯ್ತು. ಹಾಲಿನವರು ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19.6 ಕಿ.ಮೀ.

ಈಗ ನಿಮ್ಮದು. ಈ ಥರದ 21 ಗೇರ್ ಎಂಟಿಬಿಯಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಇರೋದು ರೂಢಿ. 26 ಇಂಚಿನ ಚಕ್ರ, ಸುತ್ತಳತೆ 2.05 ಮೀಟರ್ ಅಂತಿಟ್ಕೊಳ್ಳಿ. ನೀವು ತುಳೀತಿರೋದು 24ಕ್ಕೆ 14. ಸುತ್ತಿಗೆ ಮೂರೂವರೆ ಮೀಟರ್. ಅದೇ 60 ಸುತ್ತಿಗೆ ನಿಮಗೆ ಸಿಗೋದು 12.6 ಕಿ.ಮೀ. ಹಾಲಿನವರ ಜೊತೆ ಹೋಗಬೇಕಾದರೆ ನಿಮಿಷಕ್ಕೆ 93 ಸುತ್ತು ತುಳೀಬೇಕು. ಕಾಲು ಗಿರಗಿರ ಅನ್ನದೇ ಇನ್ನೇನು ಅನ್ನುತ್ತೆ!

ಟಾಪ್_ಗೇರ್_ತಿಮ್ಮ
ನೋಡಿದ್ರಾ ಮೇಷ್ಟ್ರೇ, ನಾನು ಹೇಳಿದ್ದೂ ಅದೇ. ದೊಡ್ಡ ಗೇರ್ ಹಾಕಿದ್ರೆ ಸ್ಪೀಡ್ ಬರುತ್ತೆ. ಮುಂದೆ 3 ಹಿಂದೆ 7 ಹಾಕಿ ತುಳೀಲಿ, ಹಾಲಿನವರು ಕನ್ನಡೀಲೂ ಕಾಣಲ್ಲ.

ನಿವೃತ್ತ_ಮೇಷ್ಟ್ರು
ತಾಳಪ್ಪಾ. 42ಕ್ಕೆ 14 ಅಂದ್ರೆ ಸುತ್ತಿಗೆ 6.15 ಮೀಟರ್. ಅಟ್ಲಾಸಿನ 5.45ಕ್ಕೂ ಇದಕ್ಕೂ ಇರೋ ವ್ಯತ್ಯಾಸ ನೂರಕ್ಕೆ ಹದಿಮೂರು. 21 ಗೇರಿನ ಸೈಕಲ್ಲಿನ ಅತಿ ದೊಡ್ಡ ಗೇರು ಹಾಲಿನವರ ಒಂದೇ ಗೇರಿಗಿಂತ ಇಷ್ಟೇ ಇಷ್ಟು ದೊಡ್ಡದು. 60 ಸುತ್ತಿಗೆ 22 ಕಿ.ಮೀ.

ಅದೂ 60 ಸುತ್ತು ತುಳಿಯೋ ಶಕ್ತಿ ಕಾಲಲ್ಲಿದ್ದರೆ. ಗೇರು ಶಕ್ತಿ ಹುಟ್ಟಿಸಲ್ಲ. ಕಾಲಲ್ಲಿ ಇರೋದನ್ನ ಚಕ್ರಕ್ಕೆ ಯಾವ ರೂಪದಲ್ಲಿ ಕೊಡಬೇಕು ಅಂತ ಮಾತ್ರ ಹೇಳುತ್ತೆ. ಸಮತಟ್ಟು ರಸ್ತೆಯಲ್ಲಿ ಶಕ್ತಿಯನ್ನೆಲ್ಲ ತಿನ್ನೋದು ಗಾಳಿ. ಗಾಳಿಗೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ. 20ರಿಂದ 25 ಕಿ.ಮೀ.ಗೆ ಹೋಗಬೇಕಾದರೆ ಗಾಳಿಯ ಬಾಬ್ತು ಹತ್ತತ್ರ ಎರಡರಷ್ಟು ಆಗುತ್ತೆ. ಅದನ್ನು ಯಾವ ಹಲ್ಲಿನ ಚಕ್ರವೂ ಕೊಡಲ್ಲ.

ಚಿಕ್ಕಜಾಜೂರು_ಜಂಕ್ಷನ್
"ಗಾಳಿಯ ಬಾಬ್ತು" 👌 ಬೆಸ್ಕಾಂ ಬಿಲ್ ಥರ ಇದೆ

ಗುಮ್ಮಟದೂರು_ಪೆಡಲ್
ಮೇಷ್ಟ್ರು ಹೇಳಿದ್ದು ಖರೆ ಐತ್ರಿ. ನಾವು ವಿಜಯಪುರದವ್ರು, ಇಲ್ಲಿ ಸೈಕಲ್ ರೇಸ್ ಅಂದ್ರ ಹಬ್ಬ ಇದ್ದಂಗ. ವಿಜಯಪುರ, ಬಾಗಲಕೋಟಿ ಕಡೆ ಹುಡುಗ್ರು ಹೈವೇದಾಗ ಪ್ರ್ಯಾಕ್ಟೀಸ್ ಮಾಡೂದು ನೋಡ್ರಿ ಒಮ್ಮೆ, ದೊಡ್ಡ ಗೇರ್ ಹಾಕಿ ಜಗ್ಗಂಗಿಲ್ಲ. ಸಣ್ಣ ಗೇರ್ ಹಾಕಿ ನಿಮಿಷಕ್ಕ 90 ಸುತ್ತ ತಿರುಗಸ್ತಾರ. ಸ್ನಾಯು ದಣಿಯೂದಿಲ್ಲ, ಉಸಿರು ಅಷ್ಟ ದುಡಿತೈತಿ.

ಜೂನಿಯರ್ ಹುಡುಗ್ರಿಗೆ ಅಂತರರಾಷ್ಟ್ರೀಯ ರೋಡ್ ರೇಸಿನಾಗ ಗೇರ್ ಮಿತಿನ ಇತ್ತು. ಒಂದ ಸುತ್ತಿಗೆ 7.93 ಮೀಟರಿಗಿಂತ ಜಾಸ್ತಿ ಹೋಗಬಾರ್ದು, ಅಂದ್ರ 52ಕ್ಕ 14. ಪೆಡಲ್ ಒಂದ ಸುತ್ತ ಆಗೂತನಾ ಸೈಕಲ್ ಉರುಳಿಸಿ, ನೆಲದ ಮ್ಯಾಲೆ ಗೆರಿ ದಾಟತೈತೇನು ಅಂತ ನೋಡ್ತಿದ್ರು. ಬೆಳಿಯೂ ಹುಡುಗ್ರ ಮೊಣಕಾಲು ಕೆಡಬಾರ್ದಂತ. 2023ರಿಂದ ಅದನ್ನ ತಗದ್ರು. ತಗದಿದ್ದು ಚಲೋನೋ ಕೆಟ್ಟದ್ದೋ ಅಂತ ನಮ್ಮಲ್ಲಿ ಇನ್ನೂ ಜಗಳ ನಡದೈತಿ.

ಟಾಪ್_ಗೇರ್_ತಿಮ್ಮ
ಹಾಗಾದ್ರೆ ರೆಕಾರ್ಡ್ ಮಾಡೋರೆಲ್ಲ ಯಾಕೆ ತಟ್ಟೆ ಗಾತ್ರದ ಚೈನ್‌ವೀಲ್ ಹಾಕ್ತಾರೆ?

ಗುಮ್ಮಟದೂರು_ಪೆಡಲ್
ಕಾಲಾಗ ಕಸುವು ಐತಿ ಅಂತ ಹಾಕ್ತಾರ್ರಿ. ಒಂದ ತಾಸಿನ ದಾಖಲೆ ಅಂತ ಐತಲ್ಲ, ಅದನ್ನ ನೋಡ್ರಿ. ಎಡಿ ಮರ್ಕ್ಸ್ 1972ರಾಗ ಮೆಕ್ಸಿಕೊದಾಗ ಒಂದ ತಾಸಿನಾಗ 49.431 ಕಿ.ಮೀ. ಹೊಡದ. ಅವನ ಗೇರು 52ಕ್ಕ 14. ಫಿಲಿಪ್ಪೊ ಗಾನ್ನಾ 2022ರಾಗ 56.792 ಕಿ.ಮೀ., ಗೇರು 65ಕ್ಕ 14. ಇಬ್ಬರದೂ ಒಂದೊಂದ ಗೇರು, ಬದಲಿ ಮಾಡೂ ಪ್ರಶ್ನೆನ ಇಲ್ಲ. ಫ್ರೀವೀಲ್ ಸುದ್ದಾ ಇಲ್ಲ, ಕಾಲು ನಿಲ್ಲಸಂಗಿಲ್ಲ.

ಲೆಕ್ಕಾ ಮಾಡಿದ್ರ ಮರ್ಕ್ಸ್ ನಿಮಿಷಕ್ಕ ಸುಮಾರು 104 ಸುತ್ತ, ಗಾನ್ನಾ 97ರ ಆಸುಪಾಸು. ಗೇರ್ ದೊಡ್ಡದಾತು, ಸುತ್ತ ಸ್ವಲ್ಪ ಕಡಿಮಿ ಆತು. ನಡುವಿನ ಐವತ್ತ ವರ್ಷದಾಗ ಕೂಡೂ ಭಂಗಿ, ಹೆಲ್ಮೆಟ್, ಬಟ್ಟಿ, ಚಕ್ರ ಎಲ್ಲಾ ಬದಲಾದ್ವು, ಗಾಳಿ ಕಡಿಮಿ ಬಡಿಯಾಕತ್ತು. ಅದಕ್ಕ 65 ಹಲ್ಲು ತುಳಿಯಾಕ ಸಾಧ್ಯ ಆತು. 65 ಹಲ್ಲು ಹಾಕಿದ್ದಕ್ಕ ದಾಖಲೆ ಆಗಿಲ್ಲ.

ನಿವೃತ್ತ_ಮೇಷ್ಟ್ರು
ಇದನ್ನೇ ಹೇಳೋಕೆ ನಾನು ನಾಲ್ಕು ಪ್ಯಾರಾ ತಗೊಂಡೆ.

ದಿಬ್ಬ_ಹತ್ತೋಳು
ಎಲ್ರೂ ಗಂಡಸರು ಸ್ಪೀಡ್ ಸ್ಪೀಡ್ ಅಂತಿದೀರಿ. ನಂದಿ ಬೆಟ್ಟಕ್ಕೆ ಬನ್ನಿ, ಗೇರ್ ಯಾಕಿದೆ ಅಂತ ಎರಡನೇ ತಿರುವಲ್ಲೇ ಗೊತ್ತಾಗುತ್ತೆ. ವೀಕೆಂಡಲ್ಲಿ ಬೆಂಗಳೂರಿಂದ ಬರೋ ಹುಡುಗರು ಬುಡದಲ್ಲಿ ಜೋರಾಗಿ ನನ್ನ ದಾಟಿ ಹೋಗ್ತಾರೆ. ಮೇಲೆ ಅರ್ಧ ದಾರೀಲಿ ಮೋಟುಗೋಡೆ ಮೇಲೆ ಕೂತು ಫೋನ್ ನೋಡ್ತಾ ಇರ್ತಾರೆ. ನಾನು ಮುಂದೆ ಸಣ್ಣದು ಹಿಂದೆ ದೊಡ್ಡದು ಹಾಕ್ಕೊಂಡು, ಹಾಡು ಗುನುಗ್ತಾ ಹೋಗ್ತಿರ್ತೀನಿ.

ಸಣ್ಣ ಗೇರು ನಿಧಾನ ಅನ್ನೋರಿಗೆ ಒಂದೇ ಮಾತು. ನಿಂತೋನಿಗಿಂತ ನಿಧಾನವಾಗಿ ಹೋಗೋಳೇ ಫಾಸ್ಟು.

ನಿವೃತ್ತ_ಮೇಷ್ಟ್ರು
ಭೇಷ್ ತಾಯಿ. ಇದಕ್ಕೂ ಲೆಕ್ಕ ಇದೆ, ಹೇಳದೇ ಇದ್ದರೆ ನಿದ್ದೆ ಬರಲ್ಲ.

ಆಳು, ಸೈಕಲ್ ಸೇರಿ 80 ಕೆ.ಜಿ. ನೂರು ಮೀಟರ್ ಮುಂದೆ ಹೋದರೆ ಆರು ಮೀಟರ್ ಏರೋ ರಸ್ತೆ. ಸಾಧಾರಣ ಮನುಷ್ಯ ಒಂದು ಗಂಟೆ ಹೊತ್ತು ಕೊಡಬಲ್ಲ ಶಕ್ತಿ ಅಂದಾಜು 100 ವ್ಯಾಟ್. ಇಷ್ಟರಲ್ಲಿ ಹತ್ತೋ ವೇಗ ಗಂಟೆಗೆ ಸುಮಾರು 7 ಕಿ.ಮೀ. ಗೇರ್ ಯಾವುದೇ ಇರಲಿ, 100 ವ್ಯಾಟಿಗೆ ಇಷ್ಟೇ.

ಗೇರು ಬದಲಾಯಿಸೋದು ಕಾಲಿನ ಪಾಡನ್ನ. ಅಟ್ಲಾಸಿನ 44ಕ್ಕೆ 18ರಲ್ಲಿ 7 ಕಿ.ಮೀ. ಅಂದರೆ ನಿಮಿಷಕ್ಕೆ 21 ಸುತ್ತು. ಪೆಡಲ್ ಮೇಲೆ ಸರಾಸರಿ 28 ಕೆ.ಜಿ. ಒತ್ತಡ ಬೀಳ್ತಾನೇ ಇರಬೇಕು. ಪೆಡಲ್ ತೀರಾ ಮೇಲೆ ಅಥವಾ ತೀರಾ ಕೆಳಗೆ ಇರುವಾಗ ಒತ್ತಡ ಹತ್ತಲ್ಲ, ಹಾಗಾಗಿ ನಡುವಿನ ಭಾಗದಲ್ಲಿ ಇದರ ಎರಡರಷ್ಟು ಬೇಕಾಗುತ್ತೆ. ಸೀಟ್ ಬಿಟ್ಟು ಎದ್ದು ಮೈಭಾರ ಪೂರ್ತಿ ಹಾಕಬೇಕು. 24ಕ್ಕೆ 28ರಲ್ಲಿ ಅದೇ 7 ಕಿ.ಮೀ.ಗೆ 66 ಸುತ್ತು, ಒತ್ತಡ ಸರಾಸರಿ 9 ಕೆ.ಜಿ. ಕೂತ್ಕೊಂಡೇ ಹೋಗಬಹುದು. ವೇಗ ಒಂದೇ, ಶಕ್ತಿ ಒಂದೇ. ಒಬ್ಬರು ಹತ್ತು ನಿಮಿಷಕ್ಕೆ ಇಳೀತಾರೆ, ಇನ್ನೊಬ್ಬರು ಮೇಲೆ ತಲುಪ್ತಾರೆ.

ಹೆಬ್ರಿ_ಬದಿಯವ
ನಮ್ಮ ಆಗುಂಬೆ ಘಾಟಿಗೆ ಬನ್ನಿ ಮಾರಾಯ್ರೆ. ಹದಿನಾಲ್ಕು ತಿರುವು ಉಂಟು, ಒಂದೊಂದರಲ್ಲೂ ಬಸ್ಸಿನವರು ಮೈಮೇಲೇ ಬರ್ತಾರೆ. ಕೆಲವರು ತಿರುವಿಗೆ ಬಂದ ಮೇಲೆ ಗೇರ್ ಹಾಕ್ಲಿಕ್ಕೆ ಹೋಗ್ತಾರೆ. ಆಗ ಚೈನಿನ ಮೇಲೆ ಪೂರ್ತಿ ಭಾರ ಇರ್ತದೆ, ಕಡಕಡ ಅಂತದೆ, ಹಲ್ಲು ಹತ್ತುದಿಲ್ಲ. ಏರು ಕಾಣುವಾಗಲೇ, ಕಾಲು ಇನ್ನೂ ಹಗುರ ಇರುವಾಗಲೇ ಇಳಿಸ್ಬೇಕು. ಪೆಡಲ್ ತಿರುಗ್ತಾ ಇರ್ಬೇಕು, ಆದ್ರೆ ಒತ್ತಬಾರ್ದು. ಇದನ್ನು ಯಾರೂ ಹೇಳಿ ಕೊಡುದಿಲ್ಲ.

ಮತ್ತೆ ಇಳಿಯುವಾಗ ಟಾಪ್ ಗೇರ್ ಹಾಕಿ ತುಳೀಬೇಡಿ, ದಮ್ಮಯ್ಯ. ಅಲ್ಲಿ ಸ್ಪೀಡಿಗೆ ಗೇರ್ ಬೇಡ, ಬ್ರೇಕ್ ಬೇಕು.

ಬಾಡಿಗೆ_ಸೈಕಲ್_ರಾಜ
ಗೇರಂತೆ ಗೇರು. ನಮ್ಮ ಕಾಲದಲ್ಲಿ ಬಾಡಿಗೆ ಸೈಕಲ್ ತಗೊಂಡು, ಕಾಲು ಎಟುಕಲ್ಲ ಅಂತ ಒಳಪೆಡಲಲ್ಲಿ ಊರೆಲ್ಲ ಸುತ್ತಿದೀವಿ. ಬಾರ್ ಕೆಳಗಿಂದ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆಯೋದು. ರಾತ್ರಿ ಡೈನಮೋ ಒತ್ತಿದ್ರೆ ಸೈಕಲ್ಲೇ ಭಾರ ಆಗೋದು, ಪೊಲೀಸ್ ಕಂಡಾಗ ಮಾತ್ರ ಹಾಕ್ತಿದ್ವಿ.

ಚಿಕ್ಕಜಾಜೂರು_ಜಂಕ್ಷನ್
ಡೈನಮೋ!! ಸೈಕಲ್ ನಿಂತ್ರೆ ಲೈಟೂ ಹೋಗೋದು. ಗುಂಡಿ ಬಂದಾಗ ನಿಧಾನ ಮಾಡಿದ್ರೆ ಗುಂಡೀನೇ ಕಾಣ್ತಿರ್ಲಿಲ್ಲ 😂

ದಿಬ್ಬ_ಹತ್ತೋಳು
ಒಳಪೆಡಲ್ ಕಥೆ ಚೆನ್ನಾಗಿದೆ ರಾಜಣ್ಣ, ಆದ್ರೆ "ನಮ್ಮ ಕಾಲದಲ್ಲಿ" ಅನ್ನೋ ವಾದ ಬೇಡ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ನಂಗೂ ಒಂದು ಸಿಕ್ತು. ಒಂದೇ ಗೇರು. ನಮ್ಮೂರಿಂದ ಹೈಸ್ಕೂಲಿಗೆ ಹೋಗೋ ದಾರೀಲಿ ಒಂದು ಕೆರೆ ಏರಿ, ಅಲ್ಲಿ ಎಲ್ಲ ಹುಡುಗೀರೂ ಇಳಿದು ತಳ್ಕೊಂಡೇ ಹೋಗ್ತಿದ್ವಿ. ಶಕ್ತಿ ಇಲ್ಲ ಅಂತಲ್ಲ, ಗೇರ್ ಇಲ್ಲ ಅಂತ. ಆ ಸೈಕಲ್ ಬಂದಿದ್ದಕ್ಕೇ ನಾನು ಹತ್ತನೇ ಕ್ಲಾಸ್ ಮುಗಿಸಿದ್ದು, ಅದು ಬೇರೆ ಮಾತು.

ಬಾಡಿಗೆ_ಸೈಕಲ್_ರಾಜ
ಅದೂ ಸರಿ ಬಿಡಮ್ಮ.

ಯುಟ್ರೆಕ್ಟ್_ಕನ್ನಡಿಗ
ನೆದರ್ಲ್ಯಾಂಡ್ಸಿಂದ ಬರೀತಿದೀನಿ. ಇಲ್ಲಿ ಬೆಟ್ಟ ಅಂತ ಹೇಳ್ಕೊಳ್ಳೋಕೆ ಸೇತುವೆ ಮಾತ್ರ. ಆದ್ರೂ ನಮ್ಮ ಆಫೀಸಿನವರ ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಹಬ್ ಒಳಗೇ ಮೂರು ಗೇರ್ ಇರುತ್ತೆ. ಬೆಟ್ಟಕ್ಕಲ್ಲ, ಗಾಳಿಗೆ. ಎದುರುಗಾಳಿ ಬೀಸಿದಾಗ ಸಮತಟ್ಟು ರಸ್ತೇನೇ ಏರು ಆಗಿಬಿಡುತ್ತೆ. ಚಳಿಗಾಲದಲ್ಲಿ ಹೋಗುವಾಗ ಒಂದನೇ ಗೇರು, ಸಂಜೆ ವಾಪಸ್ ಬರುವಾಗ ಬೆನ್ನಿಗೆ ಗಾಳಿ, ಮೂರನೇ ಗೇರು.

ಇಲ್ಲಿ ಎದುರುಗಾಳಿ ಸೈಕಲ್ ಚಾಂಪಿಯನ್‌ಷಿಪ್ ಅಂತಾನೇ ಒಂದು ನಡೆಯುತ್ತೆ, ನಂಬ್ತೀರೋ ಬಿಡ್ತೀರೋ. ಬಿರುಗಾಳಿ ಮುನ್ಸೂಚನೆ ಬಂದ ಮೇಲೇ ದಿನ ಗೊತ್ತು ಮಾಡ್ತಾರೆ. ಸಮುದ್ರಕ್ಕೆ ಕಟ್ಟಿದ ಊಸ್ಟರ್‌ಸ್ಕೆಲ್ಡೆ ತಡೆಗೋಡೆ ಮೇಲೆ 8.5 ಕಿ.ಮೀ., ಎಲ್ಲರಿಗೂ ಗೇರಿಲ್ಲದ ಸೈಕಲ್. ಟಾಪ್ ಗೇರ್ ತಿಮ್ಮಣ್ಣನ್ನ ಕಳಿಸ್ಬೇಕು.

ಟಾಪ್_ಗೇರ್_ತಿಮ್ಮ
ವೀಸಾ ಮಾಡ್ಸಿ, ಬರ್ತೀನಿ.

ನಿವೃತ್ತ_ಮೇಷ್ಟ್ರು
ಆ ಮೂರು ಗೇರಿನ ಹಬ್ಬು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1900ರ ದಶಕದ ಆರಂಭದಲ್ಲೇ ಬಂದದ್ದು, ಸ್ಟರ್ಮಿ ಆರ್ಚರ್ ಅಂತ. ಪ್ರಸಿದ್ಧವಾದ ಮಾದರಿಯಲ್ಲಿ ನಡುವಿನ ಗೇರು ನೇರ, ಅಂದರೆ ಹಲ್ಲಿನ ಲೆಕ್ಕ ಇದ್ದ ಹಾಗೇ, ಮೇಲಿನದು ಮೂರನೇ ಒಂದು ಪಾಲು ಜಾಸ್ತಿ, ಕೆಳಗಿನದು ಕಾಲು ಭಾಗ ಕಮ್ಮಿ. ಇಷ್ಟರಲ್ಲೇ ಜನ ಜೀವನ ಕಳೆದಿದ್ದಾರೆ.

ಅದಕ್ಕೆ ವಿರುದ್ಧ ಟೂರ್ ಡಿ ಫ್ರಾನ್ಸ್ ನೋಡಿ. ರೇಸ್ ಶುರು ಮಾಡಿದ ಆನ್ರಿ ದೆಗ್ರಾಂಜ್‌ಗೆ ಗೇರು ಕಂಡರೆ ಆಗುತ್ತಿರಲಿಲ್ಲ, ಅದೆಲ್ಲ ವಯಸ್ಸಾದವರಿಗೆ ಅನ್ನೋ ಧೋರಣೆ. 1937ರವರೆಗೆ ಅಲ್ಲಿ ಡಿರೈಲರ್‌ಗೆ ಅವಕಾಶ ಇರಲಿಲ್ಲ. ಹಿಂದಿನ ಚಕ್ರದ ಎರಡು ಪಕ್ಕದಲ್ಲೂ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಕೂರಿಸಿ ಹತ್ತುತ್ತಿದ್ದರು. ಮೇಲೆ ಹೋಗಿ ಮತ್ತೆ ಅದೇ ಕೆಲಸ. ತಿಮ್ಮಪ್ಪನವರು ಆ ಕಾಲದಲ್ಲಿ ಹುಟ್ಟಬೇಕಿತ್ತು.

ಸ್ಪ್ಯಾನರ್_ಅಣ್ಣ
ಇನ್ನೊಂದು ವಿಷಯ. 21 ಗೇರ್ ಅಂದ್ರೆ 21 ಬೇರೆ ಬೇರೆ ಸ್ಪೀಡ್ ಅಲ್ಲ. 42ಕ್ಕೆ 28 ಹಾಕಿ, 24ಕ್ಕೆ 16 ಹಾಕಿ, ಎರಡೂ ಒಂದೂವರೆನೇ. ಹಂಗೇ 42ಕ್ಕೆ 24, 34ಕ್ಕೆ 20, 24ಕ್ಕೆ 14, ಮೂರೂ ಹೆಚ್ಚೂಕಮ್ಮಿ ಒಂದೇ. ಒಂದರ ಮೇಲೊಂದು ಬೀಳೋವು ತೆಗೆದ್ರೆ ಉಪಯೋಗಕ್ಕೆ ಬರೋದು ಹನ್ನೆರಡು ಹದಿಮೂರು. "21 ಸ್ಪೀಡ್" ಅಂತ ಸ್ಟಿಕರ್ ಅಂಟಿಸಿರ್ತಾರೆ, ಗಿರಾಕಿ ಅದನ್ನೇ ನೋಡಿ ತಗೊಳ್ಳೋದು. ನಾನೂ ಮಾರ್ತೀನಿ, ಸುಳ್ಳು ಯಾಕೆ ಹೇಳ್ಲಿ.

ಮುಂದೆ ದೊಡ್ಡದು ಹಿಂದೇನೂ ದೊಡ್ಡದು, ಇಲ್ಲ ಮುಂದೆ ಸಣ್ಣದು ಹಿಂದೇನೂ ಸಣ್ಣದು, ಇವೆರಡೂ ಬೇಡ. ಚೈನು ಅಡ್ಡ ಹೋಗುತ್ತೆ, ಉಜ್ಜುತ್ತೆ, ಬೇಗ ಸವೆಯುತ್ತೆ. ಸವಾರ್ ಸಾರ್ ತುಳೀತಿದ್ದದ್ದು ಇದೇ. ದಿನಾ ಓಡಾಡೋಕೆ ಮುಂದೆ ನಡುವಿನದು, ಹಿಂದೆ 4ರಿಂದ 7. ಕಾಲಿಗೆ ಹಗುರ ಅನ್ನಿಸಿದಾಗ ಮುಂದೆ 3ಕ್ಕೆ ಹೋಗಿ. ಮುಂದಿನ 1 ಚಾಮುಂಡಿ ಬೆಟ್ಟಕ್ಕೆ ಇಟ್ಕೊಳ್ಳಿ.

ಕುವೆಂಪುನಗರ_ಸವಾರ
ಎಲ್ರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮುಂದೆ 2, ಹಿಂದೆ 7 ಹಾಕ್ಕೊಂಡು ಹೋದೆ. ವ್ಯತ್ಯಾಸ ಹಗಲು ರಾತ್ರಿ. ಆದ್ರೆ ಎಡಗೈ 3ಕ್ಕೆ ಒತ್ತಿದ್ರೆ ಚೈನು ದೊಡ್ಡದರ ಮೇಲೆ ಹತ್ತೋಕೆ ಹೋಗಿ ಬರಬರ ಸದ್ದು ಮಾಡಿ ವಾಪಸ್ ಬೀಳುತ್ತೆ. ಏನ್ಮಾಡ್ಲಿ? ಇನ್ನೊಂದು, ನನ್ನ ಚೈನ್‌ವೀಲ್‌ನಲ್ಲಿ ಹಲ್ಲು 42 ಇದೆಯಾ ಅಂತ ಹೇಗೆ ನೋಡೋದು? ಎಣಿಸ್ತಾ ಎಣಿಸ್ತಾ ಎಲ್ಲಿಂದ ಶುರು ಮಾಡ್ದೆ ಅನ್ನೋದೇ ಮರೆತುಹೋಗುತ್ತೆ.

ಸ್ಪ್ಯಾನರ್_ಅಣ್ಣ
ಎಣಿಸೋಕೆ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ. ಕೆಲವು ಚೈನ್‌ವೀಲ್ ಮೇಲೆ ಸಂಖ್ಯೆ ಒತ್ತಿರ್ತಾರೆ, ಗ್ರೀಸ್ ಒರೆಸಿ ನೋಡಿ.

ಎಣಿಸೋದೇ ಬೇಡ ಅಂದ್ರೆ ಹೀಗೆ ಮಾಡಿ. ಟೈರಿನ ಗಾಳಿ ಸರಿ ಇರ್ಲಿ. ಪೆಡಲ್ ಸರಿಯಾಗಿ ಕೆಳಗೆ ಬರೋ ಹಾಗೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಮುಟ್ಟಿರೋ ಜಾಗದಲ್ಲಿ ಗೆರೆ ಎಳೀರಿ. ಕೈಯಲ್ಲೇ ಪೆಡಲ್ ತಿರುಗಿಸ್ತಾ ಸೈಕಲ್ ಮುಂದೆ ಬಿಡಿ. ಅದೇ ಪೆಡಲ್ ಪೂರ್ತಿ ಸುತ್ತಿ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ. ಟೇಪ್ ಹಿಡೀರಿ. ಮೇಷ್ಟ್ರ ಲೆಕ್ಕ ನೆಲದ ಮೇಲೇ ಸಿಗುತ್ತೆ.

ಮುಂದಿನ ಗೇರ್ ಹತ್ತದೇ ಇರೋದಕ್ಕೆ ಹೊಸ ಸೈಕಲ್ಲಲ್ಲಿ ಬಹುಪಾಲು ಕಾರಣ ಕೇಬಲ್ ಸಡಿಲ ಆಗಿರೋದು. ಡಿರೈಲರ್ ಮೇಲೆ ಎರಡು ಸಣ್ಣ ಸ್ಕ್ರೂ ಇರುತ್ತೆ, ಮೊದಲೇ ಅದನ್ನ ತಿರುಗಿಸ್ಬೇಡಿ. ಎಡಗೈದು 1ಕ್ಕೆ ತಂದು ಕೇಬಲ್ ಬಿಚ್ಚಿ, ಕೈಯಲ್ಲಿ ಬಿಗಿಯಾಗಿ ಎಳೆದು ಮತ್ತೆ ಟೈಟ್ ಮಾಡಿ. ಆಮೇಲೂ ಹತ್ತದೇ ಇದ್ರೆ ಎಚ್ ಅಂತ ಬರೆದಿರೋ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ. ಜಾಸ್ತಿ ಸಡಿಲ ಮಾಡಿದ್ರೆ ಚೈನು ಆಚೆ ಬೀಳುತ್ತೆ, ಪ್ಯಾಂಟು ಹರಿಯುತ್ತೆ.

ಗುಮ್ಮಟದೂರು_ಪೆಡಲ್
ಮತ್ತ ಸೀಟ್ ನೋಡ್ಕೋರಿ ಸರ್. ಹೊಸದಾಗಿ ತಗೊಂಡವ್ರು ಎರಡೂ ಕಾಲು ನೆಲಕ್ಕ ತಾಗ್ಬೇಕಂತ ಸೀಟ್ ಕೆಳಗ ಇಳಿಸಿರ್ತಾರ. ಪೆಡಲ್ ಕೆಳಗಿದ್ದಾಗ ಮೊಣಕಾಲು ಬರೇ ಸ್ವಲ್ಪ ಮಡಚಿರ್ಬೇಕು. ಎಂಟಿಬಿ ಟೈರಿನ ಗಡ್ಡಿ ಡಾಂಬರ್ ಮ್ಯಾಲೆ ಗುಂಯ್ ಅಂತ ಸದ್ದು ಮಾಡತೈತಲ್ಲ, ಅದು ನಿಮ್ಮ ಶಕ್ತಿನ ಹೋಗೂ ಸದ್ದು. ನೈಸ್ ಟೈರ್ ಹಾಕಿ, ಗಾಳಿ ಗಟ್ಟಿ ತುಂಬಸ್ರಿ. ಗೇರ್ ಬದಲಿ ಮಾಡೂದಕ್ಕಿಂತ ಜಾಸ್ತಿ ಫರಕ್ ಕಾಣ್ತೈತಿ.

ಹೆಬ್ರಿ_ಬದಿಯವ
ಚೈನಿಗೆ ಎಣ್ಣೆ ಬಿಡಿ, ಆದ್ರೆ ತೆಂಗಿನೆಣ್ಣೆ ಬಿಡಬೇಡಿ. ನಮ್ಮ ಊರಲ್ಲಿ ಅದನ್ನೇ ಬಿಡುದು, ಮಳೆಗಾಲ ಮುಗಿಯುವಾಗ ಚೈನು ತುಕ್ಕು ಹಿಡಿದು ಸರಿಗೆ ಹಾಗೆ ನಿಂತಿರ್ತದೆ.

ನಿರ್ವಾಹಕ
ತೆಂಗಿನೆಣ್ಣೆ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಜಗಳ ಆಡಿ.

ಟಾಪ್_ಗೇರ್_ತಿಮ್ಮ
ಸರಿ, ನಾನೂ ಟೇಪ್ ಹಿಡಿದು ಅಳೆದೆ. ನಂದು 3ಕ್ಕೆ 7ರಲ್ಲಿ 6 ಮೀಟರ್ ಚಿಲ್ಲರೆ. ಮೇಷ್ಟ್ರು ಹೇಳಿದ ಹಾಗೇ ಬಂತು. ಈಗ ನನ್ನ ಪ್ರಶ್ನೆ. ಮುಂದೆ 42 ತೆಗೆದು 48 ಹಲ್ಲಿನದು ಹಾಕ್ಸಿದ್ರೆ?

ನಿವೃತ್ತ_ಮೇಷ್ಟ್ರು
48ಕ್ಕೆ 14, ಸುತ್ತಿಗೆ 7.03 ಮೀಟರ್. 60 ಸುತ್ತು ತುಳಿದರೆ 25.3 ಕಿ.ಮೀ. ಈಗಿನ 22ಕ್ಕೆ ಹೋಲಿಸಿದರೆ ಗಾಳಿಗೆ ಬೇಕಾದ ಶಕ್ತಿ ಒಂದೂವರೆ ಪಟ್ಟು. ಅದು ಇದ್ದರೆ 42ರಲ್ಲೇ 69 ಸುತ್ತು ತುಳಿ, ಅದೇ 25 ಬರುತ್ತೆ. ದುಡ್ಡು ಉಳಿಯುತ್ತೆ.

ಟಾಪ್_ಗೇರ್_ತಿಮ್ಮ
ಇಳಿಜಾರಲ್ಲಿ?

ನಿವೃತ್ತ_ಮೇಷ್ಟ್ರು
ಇಳಿಜಾರಲ್ಲಿ ಮಾತ್ರ ನಿನ್ನ ವಾದಕ್ಕೆ ಸ್ವಲ್ಪ ಜೀವ ಇದೆ. ಅಲ್ಲಿ ಸಣ್ಣ ಗೇರಾದರೆ ಕಾಲು ಗಾಳಿಯಲ್ಲಿ ತಿರುಗಿದ ಹಾಗೆ ಆಗುತ್ತೆ, ದೊಡ್ಡ ಗೇರು ಇದ್ದರೆ ಇನ್ನೂ ನಾಲ್ಕು ಕಿ.ಮೀ. ಸೇರಿಸಬಹುದು. ಹೆಬ್ರಿಯವರು ಬೈತಾರೆ ಅಷ್ಟೆ.

ಹೆಬ್ರಿ_ಬದಿಯವ
ಬೈತೇನೆ.

ಟಾಪ್_ಗೇರ್_ತಿಮ್ಮ
ಸ್ಪ್ಯಾನರ್ ಅಣ್ಣ, 48ರದ್ದು ನಿಮ್ಮಲ್ಲಿ ಸಿಗುತ್ತಾ?

ಸ್ಪ್ಯಾನರ್_ಅಣ್ಣ
ತರಿಸ್ಕೊಡ್ತೀನಿ. ಡಿರೈಲರ್ ಸ್ವಲ್ಪ ಮೇಲೆ ಏರಿಸ್ಬೇಕು, ಚೈನೂ ಉದ್ದ ಮಾಡ್ಬೇಕಾಗಬಹುದು. ಹಳೇ 42 ಮಾತ್ರ ಗುಜರಿಗೆ ಹಾಕ್ಬೇಡಿ ಸಾರ್, ಮನೇಲೇ ಇಟ್ಟಿರಿ.